ಬಿರಿಗಲ್ಲಿನ ಹನ್ನೊಂದು ಚಾರೋಳಿ ಬೀಜಗಳು

ಯಾವ ದೇವನ ಜಟೆಯಲ್ಲಿ ನೀರೂ ಹಣೆಗಣ್ಣಿನಲ್ಲಿ ಬೆಂಕಿಯೂ ಒಂದಕ್ಕೊಂದು ಕೇಡು ಬಗೆಯದೆ ನೆಲೆಸಿರುವುವೋ, ಆ ಶ್ರೀ ಪ್ರಿಯಾಲೇಶ್ವರನ ಪಾದಗಳಿಗೆ ವಂದಿಸಿ, ಆತನು ಈ ಕೆಂಗಲ್ಲಿನ ಗುಡ್ಡದಲ್ಲಿ ನೆಲೆನಿಂತ ಬಗೆಯನ್ನು ದೂರದಿಂದ ಬರುವ ಭಕ್ತಜನರ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ, ಬೇಡರ ಕುಲದಲ್ಲಿ ಹುಟ್ಟಿ ಈ ಗುಡಿಯ ಪೂಜೆಯನ್ನು ತಂದೆಯಿಂದ ಪಡೆದವನು. ನಮ್ಮ ಮನೆಯ ಹೆಂಗಸರು ಚಾರೋಳಿಯ ಚಿಪ್ಪು ಬಿಡಿಸುತ್ತ, ಬುಟ್ಟಿಯ ಸುತ್ತ ಕುಳಿತು ಹೇಳುತ್ತಿದ್ದ ಕಥೆಯೇ ಇದಕ್ಕೆ ಆಧಾರ.

ದ್ವಾಪರಯುಗವು ಮುಗಿಯುತ್ತ ಬಂದಿದ್ದ ಕಾಲದಲ್ಲಿ, ಕುಂತಲದೇಶದ ಬಯಲಿನ ಅಂಚಿಗೆ, ಸಂಧ್ಯಾರಾಗವೇ ಕಲ್ಲಾಗಿ ಹೆಪ್ಪುಗಟ್ಟಿತೋ ಎಂಬಂತೆ ಕೆಂಪಗೆ ತೋರುತ್ತಿದ್ದ ಈ ಗುಡ್ಡದ ನೆತ್ತಿಯಿಂದ ಬುಡದವರೆಗೆ, ಸಂಸ್ಕೃತದಲ್ಲಿ ಪ್ರಿಯಾಲವೆಂದೂ ನಮ್ಮ ಮಾತಿನಲ್ಲಿ ಚಾರೋಳಿಯೆಂದೂ ಕರೆಯಲ್ಪಡುವ ಮರಗಳ ಮಹಾವನವೊಂದು ಹಬ್ಬಿಕೊಂಡಿತ್ತು. ಮಾಘಮಾಸದಲ್ಲಿ ಆ ಮರಗಳು ಬಿಳಿಯ ಹೂಗೊಂಚಲುಗಳನ್ನು ತಳೆದು ನಿಂತಾಗ ಜೇನಿನ ಝೇಂಕಾರವು ಹಳ್ಳದ ಆಚೆಯ ದಾರಿಹೋಕರಿಗೂ ಕೇಳಿಸುತ್ತಿತ್ತು. ವೈಶಾಖದಲ್ಲಿ ಹಣ್ಣು ಕಪ್ಪಾಗಿ ಮಾಗುತ್ತಿತ್ತು. ಮೇಲಿನ ಹುಳಿಸಿಹಿ ತಿರುಳನ್ನು ಚೀಪಿ, ಉಳಿದ ಓಟೆಯನ್ನು ಒಣಗಿಸಿ, ಅದರ ಕಲ್ಲಿನಂಥ ಚಿಪ್ಪನ್ನು ಒಡೆದರೆ ಒಳಗೆ ತೊಗರಿಕಾಳಿನಷ್ಟು ಗಾತ್ರದ, ಹಾಲಿನಂತೆ ಮೃದುವಾದ ಬೀಜ. ಅದೇ ಆ ಗುಡ್ಡದವರಿಗೆ ಹಬ್ಬದ ಊಟ, ಬಾಣಂತಿಯ ಪಥ್ಯ, ಬಯಲಿನವರಿಂದ ಉಪ್ಪು ತರುವುದಕ್ಕೆ ಕೊಡುವ ಪದಾರ್ಥ.

ವನದ ಮಧ್ಯದಲ್ಲಿ ಬೇಡರ ಹಟ್ಟಿಯೊಂದಿತ್ತು, ಮೂವತ್ತು ಗುಡಿಸಲುಗಳು. ಹಟ್ಟಿಯವರೆಲ್ಲರಿಗೂ ಹಿರಿಯಳು ಸಂಕವ್ವೆ ಎಂಬ ವಿಧವೆ. ಒಂದೊಂದು ಮರವನ್ನೂ ಹೆಸರು ಹಿಡಿದು ಕರೆಯಬಲ್ಲವಳು ಅವಳೊಬ್ಬಳೇ. ಕೂಲಿನಾಲಿಗೆ ಹೋಗುವ ತಾಯಂದಿರು ಕೂಸುಗಳನ್ನು ಕಟ್ಟಿ ತೂಗುತ್ತಿದ್ದದ್ದು ತೊಟ್ಟಿಲಮರ. ಗಂಡನೊಡನೆ ಜಗಳವಾಡಿದ ಹೆಂಡತಿ ಹೋಗಿ ಕೂರುತ್ತಿದ್ದದ್ದು ಮುನಿಸಿನ ಮರ. ಅದರ ಕೆಳಗೆ ಕೂತವಳನ್ನು ಕರೆಯಲು ಗಂಡನೇ ಹೋಗಬೇಕು, ಬೇರೆ ಯಾರೂ ಹೋಗಕೂಡದೆಂಬುದು ಕಟ್ಟಳೆ. ಯಾವ ಮರಕ್ಕೂ ಯಾರೂ ಪಾತಿ ಮಾಡಿದವರಲ್ಲ, ನೀರೆರೆದವರಲ್ಲ. ಕರಡಿ ತಿಂದು ಹಾಕಿದ್ದರಿಂದಲೋ, ಹಕ್ಕಿ ಉದುರಿಸಿದ್ದರಿಂದಲೋ ಸಸಿಗಳು ತಾವಾಗಿಯೇ ಏಳುತ್ತಿದ್ದವು. ಕಾಡು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆಂದು ಎಲ್ಲರೂ ತಿಳಿದಿದ್ದರು.

ಆ ಹಟ್ಟಿಯಲ್ಲಿ ಎರೆಯನೆಂಬ ಬೇಡನಿದ್ದನು. ಅವನ ಬಾಣ ಗುರಿ ತಪ್ಪಿದ್ದನ್ನು ಕಂಡವರಿಲ್ಲ. ಆ ಬಿಂಕ ಅವನ ನಡೆಯಲ್ಲಿಯೂ ಇತ್ತು. ಒಂದು ಫಾಲ್ಗುನಮಾಸದಲ್ಲಿ ಐದು ದಿನ ಸತತವಾಗಿ ಬೇಟೆ ಸಿಗದೆ ಬರಿಗೈಯಲ್ಲಿ ಹಿಂದಿರುಗಿದ ಅವನು, ಆರನೆಯ ದಿನ ಮಧ್ಯಾಹ್ನ, ಪೊದೆಗಳಲ್ಲಿ ಅಡಗಿದ ಜಿಂಕೆಗಳನ್ನು ಹೊರಗೆಬ್ಬಿಸಲೆಂದು ಒಣಹುಲ್ಲಿಗೆ ಕಿಡಿ ಹಚ್ಚಿದನು. ಫಾಲ್ಗುನದಲ್ಲಿ ಗುಡ್ಡದ ಮೇಲೆ ಬೆಂಕಿ ಮಾಡಬಾರದೆಂಬ ಹಿರಿಯರ ಮಾತು ಅವನಿಗೆ ತಿಳಿಯದ್ದಲ್ಲ. ಗಾಳಿ ಪಶ್ಚಿಮಕ್ಕೆ ಬೀಸುತ್ತಿದೆ, ಹುಲ್ಲು ಸುಟ್ಟು ಬಂಡೆಗೆ ತಾಕಿ ನಿಲ್ಲುತ್ತದೆಂದು ಅವನ ಎಣಿಕೆ. ಅರೆಗಳಿಗೆಯಲ್ಲಿ ಗಾಳಿ ತಿರುಗಿತು. ಜನರು ಹಳ್ಳಕ್ಕೆ ಇಳಿದು ಜೀವ ಉಳಿಸಿಕೊಂಡರು; ಸುತ್ತ ಬರಿಬಂಡೆಗಳಿದ್ದುದರಿಂದ ಗುಡಿಸಲುಗಳಿಗೆ ಉರಿ ತಾಕಲಿಲ್ಲ. ವನವು ಮೂರು ಹಗಲು ಮೂರು ರಾತ್ರಿ ಉರಿದು, ನಾಲ್ಕನೆಯ ದಿನ ಸೂರ್ಯನು ಹುಟ್ಟಿದಾಗ ಕೆಂಪು ಗುಡ್ಡವು ಕಪ್ಪಾಗಿತ್ತು.

ಹಟ್ಟಿಯ ಕೂಟ ಸೇರಿತು. ಕೆಲವರು ಎರೆಯನನ್ನು ಹೊಡೆಯಬೇಕೆಂದರು, ಕೆಲವರು ಗುಡ್ಡದಿಂದ ಅಟ್ಟಬೇಕೆಂದರು. ಕೊನೆಗೆ ಸಂಕವ್ವೆ ಎದ್ದಳು.

"ಬೈದು ಏನು ಮಾಡೂದು? ಬೈದರ ಮರ ಬರ್ತಾವೇನು?" ಎಂದಷ್ಟೇ ಹೇಳಿ ತನ್ನ ಗುಡಿಸಲಿಗೆ ಹೋದಳು. ಅಂದಿನಿಂದ ಅವಳು ಎರೆಯನೊಡನೆ ಮಾತಾಡಲಿಲ್ಲ. ಎದುರಿಗೆ ಬಂದರೆ ದಾರಿ ಬಿಟ್ಟು ನಿಲ್ಲುವಳು, ಅವನು ದಾಟಿ ಹೋದ ಮೇಲೆ ನಡೆಯುವಳು.

ಜಿಂಕೆಗಳು ಹೋದವು. ಜೇನು ಹೋಯಿತು. ಹಸಿವೆಯಿಂದ ಜನರೂ ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಬಯಲಿಗೆ ಇಳಿದು, ಒಕ್ಕಲಿಗರ ಹೊಲಗಳಲ್ಲಿ ಕಾವಲಿಗೆ ನಿಂತರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಾಲ್ಕೇ ಗುಡಿಸಲುಗಳಲ್ಲಿ ಹೊಗೆಯಾಡುತ್ತಿತ್ತು. ಉಳಿದವರಲ್ಲಿ ಸಂಕವ್ವೆಯೂ ಒಬ್ಬಳು. ಸಂಜೆ ಅವಳು ಬಾಗಿಲಲ್ಲಿ ಕುಳಿತು, ಸುಟ್ಟ ಮೋಟುಗಳ ಕಡೆಗೆ ನೋಡುತ್ತ, ಇಲ್ಲದ ಮರಗಳ ಹೆಸರನ್ನು ಒಂದಾದ ಮೇಲೊಂದರಂತೆ ಮೆಲ್ಲಗೆ ಹೇಳಿಕೊಳ್ಳುವುದನ್ನು ಎರೆಯನ ಹೆಂಡತಿ, ಬೆಂಕಿ ಬಿದ್ದ ವರ್ಷವಷ್ಟೇ ಬಯಲಿನಿಂದ ಮದುವೆಯಾಗಿ ಬಂದು ಚಾರೋಳಿ ಬಿಡಿಸಲು ಇನ್ನೂ ಕಲಿಯದಿದ್ದ ಜಕ್ಕವ್ವೆ, ಕೇಳಿದ್ದಳು. ಕೇಳಿ ಬಂದು ಗಂಡನಿಗೆ ಹೇಳಿದಳು.

ಎರೆಯನು ಅಂದು ರಾತ್ರಿಯ ಊಟ ಮಾಡಲಿಲ್ಲ. ಮಾರನೆಯ ದಿನ ಬಿಲ್ಲಿನ ಹೆದೆಯನ್ನು ಬಿಚ್ಚಿ ಮಾಡಿನ ಸಂದಿಗೆ ಸೇರಿಸಿದನು.

"ಏನು ಮಾಡಬೇಕಂತೀರಿ?" ಎಂದು ಜಕ್ಕವ್ವೆ ಕೇಳಿದಳು.

"ಹಚ್ಚಿದಾವ ನಾ. ನಾನಽ ನೆಡತೀನಿ."

"ಚಾರೋಳಿ ಯಾರರ ನೆಟ್ಟಾರೇನು?"

"ಯಾರೂ ಸುಟ್ಟಿದ್ದಿಲ್ಲಲ್ಲ, ಅದಕ್ಕ ಯಾರೂ ನೆಟ್ಟಿಲ್ಲ."

ಗುಡ್ಡದ ಉತ್ತರದ ಕೊರಕಲಿನಲ್ಲಿ, ಬೆಂಕಿ ಪೂರ್ತಿಯಾಗಿ ತಲುಪದ ಕಲ್ಲಿನ ಗೂಡಿನಲ್ಲಿ, ಒಂದೇ ಒಂದು ಮುದಿಮರ ಅರ್ಧ ಬೆಂದು ಉಳಿದಿತ್ತು. ಪ್ರತಿವರ್ಷ ವೈಶಾಖದಲ್ಲಿ ಅದು ಒಂದೆರಡು ಹಿಡಿ ಹಣ್ಣು ಬಿಡುತ್ತಿತ್ತು. ಎರೆಯನು ಅದಕ್ಕೆ ಕಾವಲು ಕೂತು, ಅಳಿಲಿಗಿಂತ ಮೊದಲು ಹಣ್ಣು ಆಯ್ದು ತರತೊಡಗಿದನು. ಮೊದಲ ವರ್ಷ ಓಟೆಗಳನ್ನು ಗುಡ್ಡದ ಮೇಲೆಯೇ ಎರಚಿದನು, ಇಲಿಗಳು ತಿಂದವು. ಎರಡನೆಯ ವರ್ಷ ಮನೆಯಂಗಳದಲ್ಲಿ ಸಾಲಾಗಿ ಹೂತನು. ಮಳೆಗಾಲ ಕಳೆದು ಅಗೆದು ನೋಡಿದರೆ ಹೂತದ್ದು ಹೂತಂತೆಯೇ, ಕಲ್ಲಿನಂತೆ ಬಿದ್ದಿತ್ತು. ಹಾಗಾದರೆ ಚಿಪ್ಪನ್ನು ಒಡೆಯಬೇಕೆಂದು ಮೂರನೆಯ ವರ್ಷ ಕಲ್ಲಿನಿಂದ ಕುಟ್ಟಿದನು; ಪೆಟ್ಟಿಗೆ ಒಳಗಿನ ಬೀಜ ನಲುಗಿ, ಮಣ್ಣಿನಲ್ಲಿ ಕೊಳೆತು ಹೋಯಿತು. ಹಿಂದಿನ ವರ್ಷದ ಬೀಜಗಳನ್ನು ಉಳಿಸಿಟ್ಟುಕೊಂಡು ನೋಡೋಣವೆಂದರೆ, ಅವು ಒಳಗೊಳಗೇ ಕಮಟು ಹಿಡಿದು ಜೀವ ಕಳೆದುಕೊಂಡಿದ್ದವು.

ನಾಲ್ಕನೆಯ ವರ್ಷ ಎಷ್ಟೋ ಒಡೆದುದರಲ್ಲಿ ಒಂದು, ಹೇಗೋ ಪೆಟ್ಟು ತಪ್ಪಿಸಿಕೊಂಡು, ಮಡಕೆಯ ಮಣ್ಣಿನಿಂದ ತಲೆಯೆತ್ತಿತು. ಗಂಡಹೆಂಡಿರು ಅದನ್ನು ಕೂಸಿನಂತೆ ಕಾದರು. ಬಿಸಿಲೇರಿದರೆ ಜಕ್ಕವ್ವೆ ಸೆರಗಿನ ನೆರಳು ಹಿಡಿಯುವಳು. ನಾಲ್ಕು ಎಲೆ ಬಂದಾಗ ಗುಡ್ಡಕ್ಕೆ ಒಯ್ದು ನೆಡಲೆಂದು ಮಡಕೆಯನ್ನು ಒಡೆದರೆ, ಉದ್ದನೆಯ ಒಂಟಿ ಬೇರು ತಳದಲ್ಲಿ ಹಾವಿನಂತೆ ಸುತ್ತಿಕೊಂಡಿತ್ತು. ಬಿಡಿಸುವಾಗ ಪಟ್ಟನೆ ಮುರಿಯಿತು. ಮೂರೇ ದಿನದಲ್ಲಿ ಸಸಿ ಒಣಗಿತು. ಎರೆಯನು ಆ ಒಣಕಡ್ಡಿಯನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದನು.

"ನೋಡ್ರಿ, ಇದರ ಬೇರು ಕೆಳಗ ಹೋಗೂ ಜಾತಿದು. ನಾವು ತಳ ಕಟ್ಟಿ ಇಟ್ಟೀವಿ," ಎಂದಳು ಜಕ್ಕವ್ವೆ. "ತಳ ಇಲ್ಲದ ಗಡಿಗಿ ಹೂಳೂಣು. ಬೇರಿಗೆ ಅದು ಹಿತ ಆಗಬಹುದು."

ಬಯಲಿನ ಕುಂಬಾರನಿಂದ ಅವಳು ತಳ ಒಡೆದ ಗಡಿಗೆಗಳನ್ನು ಹೊತ್ತು ತಂದಳು. ಅಂಗಳದಲ್ಲಿ ಮೂವತ್ತು ಗಡಿಗೆಗಳು ಕಂಠದವರೆಗೆ ಹೂಳಲ್ಪಟ್ಟವು. ಆದರೆ ಮೊಳೆತು ಬರುವ ಬೀಜವೇ ಇಲ್ಲದೆ ಆ ಗಡಿಗೆಗಳು ಐದು ವರ್ಷ ಬಾಯಿ ತೆರೆದುಕೊಂಡೇ ಇದ್ದವು.

ಒಂಬತ್ತನೆಯ ವರ್ಷದ ವೈಶಾಖದಲ್ಲಿ ಎದ್ದ ಬಿರುಗಾಳಿಗೆ ಕೊರಕಲಿನ ಮುದಿಮರವು ಬುಡಸಹಿತ ಉರುಳಿತು. ಎರೆಯನು ಮುರಿದ ಕೊಂಬೆಗಳ ನಡುವೆ ಮೊಣಕಾಲೂರಿ ಹುಡುಕಿದಾಗ ಬಲಿತ ಓಟೆಗಳು ದೊರೆತದ್ದು ಹನ್ನೊಂದು. ಇನ್ನು ಈ ಗುಡ್ಡದಲ್ಲಿ ಹನ್ನೆರಡನೆಯದಿಲ್ಲ ಎಂಬುದು ಅವನಿಗೆ ತಿಳಿದಿತ್ತು.

ಅವನು ಅವನ್ನು ತಂದು ಮಡಕೆಯಲ್ಲಿಟ್ಟು, ಒಡೆಯಲು ಧೈರ್ಯ ಸಾಲದೆ, ಸುಮ್ಮನೆ ಕುಳಿತಿದ್ದ ಹಗಲಿನಲ್ಲಿ, ಭಸ್ಮೋದ್ಧೂಳಿತ ಶರೀರನೂ ಜಟಾಜೂಟಧಾರಿಯೂ ಕ್ಷುತ್ಪಿಪಾಸೆಗಳಿಂದ ಬಳಲಿ ಬೆಂಡಾದವನೂ ಆದ ಒಬ್ಬ ತಾಪಸನು ಗುಡ್ಡವನ್ನೇರಿ ಬಂದು, ಗುಡಿಸಲಿನ ಎದುರಿಗಿದ್ದ ಹಾಸುಬಂಡೆಯ ಮೇಲೆ ಕುಳಿತನು.

"ಮನ್ಯಾಗ ನವಣಿ ಅನ್ನ ಐತಿ. ಬರ್ರಿ ಸ್ವಾಮಿ," ಎಂದಳು ಜಕ್ಕವ್ವೆ.

"ನವಣೆ ನನಗೆ ಬೇಡ ತಾಯಿ. ಪ್ರಿಯಾಲಬೀಜವನ್ನಲ್ಲದೆ ಬೇರೇನನ್ನೂ ಸ್ವೀಕರಿಸೆನೆಂಬುದು ನನ್ನ ವ್ರತ. ನಿಮ್ಮ ಮಡಕೆಯಲ್ಲಿ ಅದು ಇದೆ."

ಎರೆಯನು ಕೈಮುಗಿದು ಎದ್ದು ನಿಂತನು. "ಅವನ್ನ ಬಿಟ್ಟು ಏನರ ಕೇಳ್ರಿ. ಅವು ನನ್ನವಲ್ಲ."

"ನಿನ್ನ ಮನೆಯಲ್ಲಿರುವುದು ನಿನ್ನದಲ್ಲವೆ?"

"ಗುಡ್ಡದವು. ಸುಟ್ಟಾವ ನಾ. ಕೊಡಾಕ ನನಗ ಬರೂದಿಲ್ಲ."

"ಹಸಿದು ಬಂದ ಅತಿಥಿಯನ್ನು ಬರಿಗೈಯಲ್ಲಿ ಕಳುಹಿಸುವ ಪಾಪವನ್ನು ಬಲ್ಲೆಯಾ?"

"ಬಲ್ಲೆ. ಒಂದು ಹೊತ್ತೀನಿ, ಅದರ ಮ್ಯಾಲ ಇದನ್ನೂ ಹೊರತೀನಿ," ಎಂದನು ಎರೆಯ.

ತಾಪಸನು ಕೋಪಗೊಳ್ಳಲಿಲ್ಲ, ಎದ್ದು ಹೋಗಲೂ ಇಲ್ಲ. ವೈಶಾಖದ ಬಿಸಿಲಿನಲ್ಲಿ ಕಾದ ಆ ಬಂಡೆಯ ಮೇಲೆಯೇ ಕಣ್ಣು ಮುಚ್ಚಿ ಕುಳಿತನು. ಎರೆಯನು ಅವನ ತಲೆಯ ಮೇಲೆ ಚಪ್ಪರ ಹಾಕಿದನು, ಪಕ್ಕದಲ್ಲಿ ನೀರಿಟ್ಟನು. ತಾನೂ ಉಣ್ಣಲಿಲ್ಲ. ಎರಡು ದಿನಗಳು ಹೀಗೆ ಕಳೆದವು. ಮೂರನೆಯ ದಿನ ತಾಪಸನ ಉಸಿರು ಕ್ಷೀಣಿಸಿತು. ಬಾಗಿಲಲ್ಲಿ ಒಬ್ಬ ಸಂತನು ಸಾಯುತ್ತಾನೆಂಬ ಭಯದಿಂದ ಜಕ್ಕವ್ವೆ ಅಳುತ್ತ ಸಂಕವ್ವೆಯ ಗುಡಿಸಲಿಗೆ ಓಡಿದಳು.

ಸಂಕವ್ವೆ ಕೋಲೂರಿಕೊಂಡು ಬಂದಳು. ಒಂಬತ್ತು ವರ್ಷಗಳಲ್ಲಿ ಅವಳು ಆ ಅಂಗಳವನ್ನು ತುಳಿದದ್ದು ಅದೇ ಮೊದಲು. ತಾಪಸನನ್ನು ನೋಡಿದಳು. ಬಾಯಿ ತೆರೆದ ಮೂವತ್ತು ಗಡಿಗೆಗಳನ್ನು ನೋಡಿದಳು. ಮೂಲೆಯಲ್ಲಿ ವರ್ಷವರ್ಷವೂ ಕುಟ್ಟಿ ಸುರಿದ ಚಿಪ್ಪುಗಳ ರಾಶಿಯನ್ನು ಕಂಡು ಕೋಲಿನಿಂದ ಕೆದಕಿದಳು.

"ನಿನ್ನ ಗಂಡನ್ನ ಕೇಳು, ಬೀಜ ಎಲ್ಲಿ ಅದಾವಂತ," ಎಂದು ಜಕ್ಕವ್ವೆಗೆ ಹೇಳಿದಳು.

ಎರೆಯನು ತಾನೇ ಮಡಕೆಯನ್ನು ತಂದು ಅವಳ ಮುಂದಿಟ್ಟನು. ಮುದುಕಿ ಒಂದು ಓಟೆಯನ್ನು ಎತ್ತಿ ಬೆರಳಲ್ಲಿ ತಿರುಗಿಸಿದಳು. ಆಮೇಲೆ, ಮುಖವೆತ್ತದೆ, ಅವನನ್ನೇ ಕೇಳಿದಳು:

"ಕಲ್ಲಿಲೆ ಹೊಡದ್ಯಾ?"

"ಹೂಂ ಆಯಿ."

"ನೆತ್ತಿ ಮ್ಯಾಲ ಹೊಡದಿ. ಇದಕ್ಕ ಸಂದ ಐತಿ. ಸಂದ ನೋಡಿ ಒತ್ತಬೇಕು, ಹೊಡೀಬಾರದು. ಹೆಂಗಸರು ಕುಂತು ಬಿಡಸೂದನ್ನ ಒಂದಿನಾನೂ ನೋಡಿಲ್ಲೇನು?"

"ನಿಮ್ಮನ್ನ ಕೇಳಬೇಕಿತ್ತು."

"ಕೇಳಿದ್ದರ ಹೇಳತಿದ್ದಿಲ್ಲ," ಎಂದಳು ಸಂಕವ್ವೆ. ಮತ್ತೆ, "ನೀ ಸುಟ್ಟಿದ್ದು ಒಂದಿನ. ನಾ ಒಂಬತ್ತು ವರ್ಷ ಸುಮ್ಮ ಕುಂತೆ. ಇಬ್ಬರದೂ ಐತಿ ತಮ್ಮಾ," ಎಂದಳು.

ಅವಳು ಸೆರಗಿನ ಗಂಟಿನಿಂದ ಎರಡು ಚಪ್ಪಟೆ ಹಳ್ಳದ ಕಲ್ಲುಗಳನ್ನು ತೆಗೆದು, ಓಟೆಯನ್ನು ನಡುವೆ ಇಟ್ಟು, ಮಣಿಕಟ್ಟನ್ನು ಒಮ್ಮೆ ತಿರುವಿದಳು. ಸಣ್ಣ ಸದ್ದಾಯಿತು. ಚಿಪ್ಪು ಎರಡು ಹೋಳಾಗಿ, ಕೆಂಚಗಿನ ಬೀಜವು ಒಂದು ಗೀರೂ ಇಲ್ಲದೆ ಅವಳ ಅಂಗೈಗೆ ಬಿತ್ತು. ಆರು ವರ್ಷ ಕುಟ್ಟಿ ಸೋತಿದ್ದ ಎರೆಯನು ಅದನ್ನು ನೋಡುತ್ತಲೇ ನಿಂತನು.

ಸಂಕವ್ವೆ ಅದನ್ನು ತಾಪಸನ ಮುಂದೆ ಹಿಡಿದಳು. "ಗುಡ್ಡದಾಗ ನನಗೂ ಪಾಲೈತಿ. ಇದು ನನ್ನ ಪಾಲಿಂದು, ತಿನ್ರಿ. ಉಳದ ಹತ್ತು ಮಾತ್ರ ಕೇಳಬ್ಯಾಡ್ರಿ. ಅವು ಮಣ್ಣಿಗೆ ಹೋಗಬೇಕು."

ಆಗ ಆ ತಾಪಸನು ಕಣ್ತೆರೆದು, ಬೀಜವನ್ನು ಬಲಗೈಯಲ್ಲಿ ಸ್ವೀಕರಿಸಿ, ಬಾಯಿಗೆ ಹಾಕಿಕೊಳ್ಳದೆ, ತಾನು ಕುಳಿತಿದ್ದ ಬಂಡೆಯ ಕೂದಲೆಳೆಯಷ್ಟಿದ್ದ ಬಿರುಕಿನಲ್ಲಿ ಅದನ್ನಿಟ್ಟು, ಹೆಬ್ಬೆರಳಿನಿಂದ ಒತ್ತಿದನು. ಒಡನೆಯೇ ಬಂಡೆಯು ಚಾರೋಳಿಯ ಚಿಪ್ಪಿನಂತೆ ನಟ್ಟನಡುವೆ ಎರಡಾಗಿ ಬಿರಿದು, ಸಂದಿನಿಂದ ತಣ್ಣನೆಯ ನೀರು ಒಸರಿತು. ಆ ನೀರಿನ ಮೇಲೆ ಎರಡೆಲೆಯ ಮೊಳಕೆಯೊಂದು ಕಾಣಿಸಿತು. ತಾಪಸನಿದ್ದ ಎಡೆಯಲ್ಲಿ ಮೊಣಕಾಲೆತ್ತರದ ಸ್ವಯಂಭೂಲಿಂಗವು ಮಾತ್ರ ಇದ್ದಿತು. ಗಗನದಿಂದ ಈ ವಾಣಿಯು ಕೇಳಿಬಂದಿತು:

"ವ್ಯಾಧನೇ, ಬೇಡಿದವನು ಶಿವನೇ ಆದರೂ ಬಿತ್ತನೆಯ ಬೀಜವನ್ನು ಕೊಡದೆ ಉಳಿಸಿಕೊಂಡ ನಿನ್ನಲ್ಲಿ ಪ್ರೀತನಾದೆನು. ತಾಯಿ ಸಂಕವ್ವೆಯೇ, ಮುನಿಸನ್ನು ಒಡೆದು ತಿರುಳನ್ನು ಉಳಿಸಿದ ನಿನ್ನ ಕೈಯಲ್ಲಿ ಪ್ರೀತನಾದೆನು. ಈ ಶಿಲೆಯಲ್ಲಿ ಒಂದನ್ನು ನಾನು ಬೆಳೆಸಿದ್ದೇನೆ. ಮಿಕ್ಕ ಹತ್ತನ್ನು ನಾನು ಮುಟ್ಟುವುದಿಲ್ಲ. ಅವು ನಿಮ್ಮ ಮನೆಯಂಗಳದಲ್ಲಿ, ನಿಮ್ಮ ಕೈನೀರಿನಲ್ಲಿ ಬೆಳೆಯತಕ್ಕವು. ಮನುಷ್ಯನು ಸುಟ್ಟ ವನವನ್ನು ಮನುಷ್ಯನೇ ಬೆಳೆಸಲಿ. ನಾನು ಇಲ್ಲಿಯೇ ಕುಳಿತು ನೋಡುತ್ತಿರುವೆನು."

ಅವರು ಸಾಷ್ಟಾಂಗವೆರಗಿ ಎದ್ದರು. ಸಂಕವ್ವೆ ಅಂದೇ ಹತ್ತು ಓಟೆಗಳನ್ನು ಸಗಣಿನೀರಿನಲ್ಲಿ ನೆನೆಹಾಕಿ, ಮಾರನೆಯ ಬೆಳಿಗ್ಗೆ ಒಂದೊಂದನ್ನೂ ಸಂದಿನಲ್ಲಿ ಬಿರಿಯಿಸಿದಳು. ಚಿಪ್ಪನ್ನು ಪೂರ್ತಿ ತೆಗೆಯಲಿಲ್ಲ. ಬಾಯಿ ತುಸು ಬಿಡುವಷ್ಟೇ. ಹಳ್ಳದ ಮರಳು, ಕೊಳೆತ ಎಲೆ, ಗುಡ್ಡದ ಕೆಮ್ಮಣ್ಣು ಬೆರೆಸಿ ತಳವಿಲ್ಲದ ಗಡಿಗೆಗಳಿಗೆ ತುಂಬಿ, ಬೆರಳಿನ ಒಂದು ಗೆಣ್ಣಿನಷ್ಟು ಆಳದಲ್ಲಿ ಬೀಜವನ್ನಿಟ್ಟು, ಅಳಿಲು ಬರದಂತೆ ಮೇಲೆ ಮುಳ್ಳು ಮುಚ್ಚಿದರು. ಬಿರಿದ ಬಂಡೆಯ ನೀರನ್ನು ಜಕ್ಕವ್ವೆ ಬೊಗಸೆಯಲ್ಲಿ ತಂದು ಹನಿಸಿದಳು. ಹದಿನೆಂಟನೆಯ ದಿನ ಮೊದಲನೆಯದು ತಲೆಯೆತ್ತಿತು. ತಿಂಗಳು ತುಂಬುವಷ್ಟರಲ್ಲಿ ಏಳು.

"ಮೂರು ಹೋದವು," ಎಂದನು ಎರೆಯ.

"ಏಳು ಬಂದವು ಅನ್ನು," ಎಂದಳು ಸಂಕವ್ವೆ. ಸಸಿಗಳ ಮುಂದೆ ಕುಳಿತು ಒಂದೊಂದನ್ನೂ ಬೆರಳಿನಿಂದ ತೋರಿಸಿ ಹೇಳತೊಡಗಿದಳು. "ಇದು ತೊಟ್ಟಿಲಮರ. ಇದು ಜೇನಿನ ಮರ. ಇದು ಮುನಿಸಿಂದು." ಗೇಣುದ್ದದ ಮುನಿಸಿನ ಮರವನ್ನು ನೋಡಿ ಜಕ್ಕವ್ವೆಗೆ ನಗು ಬಂದಿತು. "ಇದರ ಕೆಳಗ ಇರಿವಿ ಅಷ್ಟಽ ಕುಂದರಬೇಕು ಆಯಿ," ಎಂದಳು. ಆ ಅಂಗಳದಲ್ಲಿ ನಗು ಕೇಳಿ ಬಹಳ ವರ್ಷಗಳಾಗಿದ್ದವು.

ಎರಡನೆಯ ವರ್ಷದ ಮೃಗಶಿರಾ ಮಳೆಗೆ ಏಳು ಸಸಿಗಳನ್ನೂ, ಗಡಿಗೆಗಳ ಸುತ್ತಲಿನ ಮಣ್ಣನ್ನು ಆಳಕ್ಕೆ ಅಗೆದು, ಬೇರಿನ ತುದಿಯೂ ಮುರಿಯದಂತೆ ಎತ್ತಿ, ಹಳೆಯ ಮರಗಳಿದ್ದ ಎಡೆಗಳಲ್ಲಿಯೇ ನೆಟ್ಟರು. ಎಡೆ ತೋರಿಸಿದವಳು ಸಂಕವ್ವೆ. ಅವಳು ಅವುಗಳ ಹಣ್ಣನ್ನು ತಿನ್ನಲಿಲ್ಲ. ಆರನೆಯ ವರ್ಷದ ಮಳೆಗಾಲದಲ್ಲಿ, ಆಳೆತ್ತರವಾಗಿದ್ದ ತೊಟ್ಟಿಲಮರದ ಎಳೆನೆರಳಿನಲ್ಲಿ ಮಲಗಿದವಳು ಏಳಲಿಲ್ಲ. ಹೋಗುವ ಮುನ್ನ ತನ್ನ ಎರಡು ಕಲ್ಲುಗಳನ್ನು ಜಕ್ಕವ್ವೆಗೆ ಕೊಟ್ಟಿದ್ದಳು.

ಬೀಜವಿಟ್ಟ ಒಂಬತ್ತನೆಯ ವರ್ಷ ಮರಗಳು ಹೂಬಿಟ್ಟವು. ಎಲ್ಲಿಂದಲೋ ಜೇನು ಬಂದಿತು. ಸುದ್ದಿ ಕೇಳಿ, ಬಯಲಿಗೆ ಹೋದವರಲ್ಲಿ ಹಲವರು ವೈಶಾಖದಲ್ಲಿ ಗುಡ್ಡ ಹತ್ತಿ ಬಂದರು. ಹೋದಾಗ ಹೆಗಲ ಮೇಲಿದ್ದ ಕೂಸುಗಳು ಈಗ ಮೀಸೆ ಮೂಡಿದ ಯುವಕರಾಗಿದ್ದರು, ಚಾರೋಳಿಯ ಹೆಸರನ್ನಷ್ಟೇ ಕೇಳಿದ್ದವರು. ಎರೆಯನು ಮೊದಲ ಹಣ್ಣುಗಳನ್ನು ಎಲ್ಲರಿಗೂ ಹಂಚಿ ತಾನು ದೂರ ನಿಂತನು. ಹದಿನೆಂಟು ವರ್ಷಗಳಿಂದ ಅವನು ಒಂದು ಬೀಜವನ್ನೂ ಬಾಯಿಗೆ ಹಾಕಿರಲಿಲ್ಲ. ಜಕ್ಕವ್ವೆ ಒಂದನ್ನು ಒಡೆದು ಅವನ ಅಂಗೈಯಲ್ಲಿಟ್ಟಳು.

"ಇದು ಬಿತ್ತಾಕಲ್ಲ. ತಿನ್ರಿ."

ಅವನು ಅದನ್ನು ಹಲ್ಲಿನಲ್ಲಿ ಮೆಲ್ಲಗೆ ಕಡಿದನು. ಆ ಎಳೆಹಾಲಿನಂಥ ರುಚಿಯೊಡನೆ ಅವನ ತಾಯಿಯ ಮಡಿಲು, ಬುಟ್ಟಿಯ ಸುತ್ತ ಕುಳಿತ ಹೆಂಗಸರ ಮಾತು, ಮೂವತ್ತು ಗುಡಿಸಲುಗಳ ಹೊಗೆ, ಮರದಿಂದ ಮರಕ್ಕೆ ನೆರಳಿನಲ್ಲಿಯೇ ನಡೆದು ಗುಡ್ಡವನ್ನೆಲ್ಲ ಸುತ್ತಬಹುದಾಗಿದ್ದ ದಿನಗಳು, ಎಲ್ಲವೂ ಒಮ್ಮೆಗೇ ಬಂದವು. ಅವನು ಬಂಡೆಗೊರಗಿ ಕುಳಿತು ಬಹಳ ಹೊತ್ತು ಅತ್ತನು. ಯಾರೂ ಅವನನ್ನು ಸಮಾಧಾನಪಡಿಸಲು ಹೋಗಲಿಲ್ಲ. ಅವನ ಪಕ್ಕದಲ್ಲಿ ಒಬ್ಬೊಬ್ಬರಾಗಿ ಬಂದು ಕುಳಿತರು.

ಆ ಬಿರಿದ ಬಂಡೆಯೇ ಇಂದು ಬಿರಿಗಲ್ಲೆಂದು ಹೆಸರಾಗಿ ಗರ್ಭಗುಡಿಯ ಹಿಂದೆ ಕಾಣಿಸುತ್ತದೆ. ಸಂದಿನ ಒರತೆಯು ಕಡು ಬೇಸಿಗೆಯಲ್ಲಿ ಬೊಗಸೆಯಷ್ಟಾಗುತ್ತದೆ, ಬತ್ತುವುದಿಲ್ಲ. ಬಂಡೆಯೊಳಗಿನ ಮರವು ಎಷ್ಟನೆಯ ತಲೆಮಾರಿನದೋ ಹೇಳಲಾರೆ. ಒಂದು ಒಣಗುವ ಮುನ್ನ ಅದರ ಬುಡದಲ್ಲಿ ಇನ್ನೊಂದು ಎದ್ದಿರುತ್ತದೆ. ಗುಡ್ಡದ ಮೇಲೆ ಈಗಿರುವ ಮರಗಳು ಹಿಂದಿನಷ್ಟಿಲ್ಲ. ನಾನು ಚಿಕ್ಕವನಿದ್ದಾಗ ಇದ್ದಷ್ಟೂ ಇಲ್ಲ. ಆದರೂ ವೈಶಾಖದ ಹುಣ್ಣಿಮೆಯಿಂದ ಮೃಗಶಿರಾ ಮಳೆಯವರೆಗೆ ಇಲ್ಲಿಗೆ ಬಂದವರಿಗೆ, ಬೇರೆ ಕ್ಷೇತ್ರಗಳಲ್ಲಿ ಹೂವು ಕೊಡುವಂತೆ, ಆ ವರ್ಷದ ಒಂದು ಚಾರೋಳಿ ಓಟೆಯನ್ನು ಪ್ರಸಾದವಾಗಿ ಕೊಡುತ್ತೇವೆ. ಒರತೆಯ ಪಕ್ಕದಲ್ಲಿ ನಮ್ಮ ಮನೆಯ ಹೆಂಗಸರು ಕಲ್ಲು ಹಿಡಿದು ಕುಳಿತಿರುತ್ತಾರೆ. ಕೇಳಿದರೆ ಸಂದು ಬಿಡಿಸಿ ಕೊಡುತ್ತಾರೆ, ಕಲಿಯಬಯಸಿದರೆ ಕಲಿಸುತ್ತಾರೆ. ಮನೆಯಲ್ಲಿ ಬೆಳೆಸಿದ ಸಸಿಯನ್ನು ಎರಡು ಮಳೆ ಕಂಡ ಮೇಲೆ ಇಲ್ಲಿಗೆ ತಂದು ನೆಡುವುದೇ ಸ್ವಾಮಿಗೆ ಸಲ್ಲುವ ಹರಕೆ. ಮೊಳೆಯದಿದ್ದವರು ಮತ್ತೆ ಬರಬಹುದು. ಎಷ್ಟನೆಯ ಸಲವೆಂದು ಇಲ್ಲಿ ಯಾರೂ ಕೇಳುವುದಿಲ್ಲ. ನನ್ನ ಕೈಯಲ್ಲಿಯೂ ಮೊದಲ ನಾಲ್ಕು ಕೊಳೆತವು.

ಭಕ್ತರಲ್ಲಿ ಒಂದೇ ವಿಜ್ಞಾಪನೆ. ಕೆಲವರು ಈ ಬೀಜಕ್ಕೆ ಕುಂಕುಮವಿಟ್ಟು, ಬೆಳ್ಳಿಯ ಭರಣಿಯಲ್ಲಿ ಮುಚ್ಚಿ, ದೇವರ ಜಗಲಿಯ ಮೇಲೆ ಇಡುತ್ತಾರೆಂದು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬಾರದು. ವರ್ಷ ದಾಟಿದರೆ ಅದರೊಳಗಿನ ಜೀವ ಹೋಗುತ್ತದೆ. ಮನೆ ಮುಟ್ಟಿದ ದಿನವೇ ನೆನೆಹಾಕಿ, ಮಾರನೆಯ ಬೆಳಿಗ್ಗೆ ಮಣ್ಣಿಗೆ ಇಡಿ.